ಮಂದೆಯ ನಾಯಿ: ಅಟ್ಟುವ ತಳಿ, ಕಾಯುವ ತಳಿ

ಆಳಂದ ತಾಲ್ಲೂಕಿನ ಖಜೂರಿಯ ಸುತ್ತಲಿನ ಕರಿಯ ಹೊಲಗಳಲ್ಲಿ ತೊಗರಿಯ ಕಟಾವು ಮುಗಿದ ಮೇಲೆ ಕುರಿಮಂದೆಗಳು ಒಂದೊಂದಾಗಿ ಬಂದು ಬೀಡುಬಿಡುವುದನ್ನು ಆ ಸೀಮೆಯ ವಾಚಕರು ಬಲ್ಲರು. ರೈತನಿಗೆ ಗೊಬ್ಬರ ಬೇಕು, ಕುರುಬನಿಗೆ ಮೇವು ಬೇಕು. ರಾತ್ರಿಯಾದೊಡನೆ ಹೊಲದ ನಡುವೆ ಬಲೆ ಕಟ್ಟಿ ಮಂದೆಯನ್ನು ಅದರೊಳಗೆ ಕೂಡುತ್ತಾರೆ. ಬಲೆಯ ಹೊರಗೆ ಒಂದೆರಡು ನಾಯಿಗಳು ಮೂಗನ್ನು ಬಾಲದಲ್ಲಿ ಹುದುಗಿಸಿ ಮಲಗಿರುತ್ತವೆ. ಹಗಲಿನಲ್ಲಿ ಇವನ್ನು ನೋಡಿದವರು ಸೋಮಾರಿಗಳೆಂದೇ ತಿಳಿದಾರು. ಮಂದೆಯನ್ನು ತಿರುಗಿಸುವವನು ಕುರುಬನೇ. ನಾಲಗೆಯ ಸದ್ದಿನಿಂದ, ಸಿಳ್ಳಿನಿಂದ, ಕೋಲಿನಿಂದ ಆತನೇ ಕುರಿಗಳನ್ನು ನಡೆಸುತ್ತಾನೆ. ನಾಯಿಗಳು ಮಂದೆಯ ಜೊತೆಯಲ್ಲಿ, ಕೆಲವು ವೇಳೆ ಮಂದೆಯ ನಡುವೆಯೇ, ತಲೆ ತಗ್ಗಿಸಿ ನಡೆಯುತ್ತವೆ.

ಬ್ರಿಟನ್ನಿನ ಗುಡ್ಡಗಾಡುಗಳ ಚಲನಚಿತ್ರಗಳನ್ನು ಕಂಡ ವಿದ್ಯಾರ್ಥಿಗೆ ಇದು ಬೇರೊಂದು ಲೋಕದಂತೆ ತೋರುವುದು. ಅಲ್ಲಿ ಬಾರ್ಡರ್ ಕೋಲಿ ಎಂಬ ಕಪ್ಪು ಬಿಳುಪಿನ ನಾಯಿಯು ಯಜಮಾನನ ಒಂದು ಸಿಳ್ಳಿಗೆ ಅರ್ಧ ಮೈಲಿ ದೂರ ಓಡಿ, ಚದುರಿದ ಕುರಿಗಳನ್ನು ಒಟ್ಟುಗೂಡಿಸಿ ಕಾಲಬುಡಕ್ಕೆ ತಂದು ನಿಲ್ಲಿಸುತ್ತದೆ. ನಮ್ಮ ನಾಯಿಗೆ ಈ ವಿದ್ಯೆ ಏಕೆ ಬರಲಿಲ್ಲ? ಕಲಿಸುವವರಿಲ್ಲದೆಯೋ, ನಾಯಿಯೇ ದಡ್ಡವೋ? ಎರಡೂ ಅಲ್ಲ. ಎರಡು ನಾಯಿಗಳನ್ನು ಮಾನವನು ಎರಡು ಬೇರೆ ಕೆಲಸಗಳಿಗಾಗಿ ರೂಪಿಸಿದ್ದಾನೆ; ಒಂದಕ್ಕೆ ಅವಶ್ಯವಾದ ಗುಣವೇ ಇನ್ನೊಂದರಲ್ಲಿ ದೋಷವಾಗುತ್ತದೆ.

ನಾಯಿಯ ಮೂಲ ತೋಳ. ತೋಳವು ಬೇಟೆಯಾಡುವಾಗ ಅದರ ವರ್ತನೆ ಕ್ರಮಬದ್ಧವಾದ ಒಂದು ಸರಪಣಿಯಂತಿರುತ್ತದೆ. ಮೊದಲು ಬೇಟೆಯ ಕಡೆಗೆ ಗಮನ ಹರಿಸುವುದು, ಅನಂತರ ಕಣ್ಣು ನೆಟ್ಟು ನೋಡುವುದು, ಮೈ ತಗ್ಗಿಸಿ ಹೊಂಚುತ್ತ ಮುಂದುವರಿಯುವುದು, ಬೆನ್ನಟ್ಟುವುದು, ಹಿಡಿದು ಕಚ್ಚುವುದು, ಕೊಲ್ಲುವುದು, ಕೊನೆಗೆ ಸೀಳಿ ತಿನ್ನುವುದು. ನಾಯಿಯ ತಳಿಗಳು ಬೇರೆಬೇರೆಯಾದಾಗ ಈ ಸರಪಣಿಯ ಕೊಂಡಿಗಳಲ್ಲಿ ಕೆಲವು ಬಲಿತುವು, ಕೆಲವು ಸಡಿಲಗೊಂಡುವು ಎಂದು ಅಮೆರಿಕದ ಪ್ರಾಣಿವರ್ತನ ಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ವಿವರಿಸಿದರು. ಬಾರ್ಡರ್ ಕೋಲಿಯಲ್ಲಿ ಕಣ್ಣು ನೆಡುವುದು, ಹೊಂಚುವುದು, ಬೆನ್ನಟ್ಟುವುದು ಇವು ಅತಿಯಾಗಿ ಬೆಳೆದಿವೆ. ಕಚ್ಚುವ ಮತ್ತು ಕೊಲ್ಲುವ ಕೊಂಡಿಗಳು ಅಡಗಿವೆ. ಕುರಿಗಾದರೋ ಅದರ ನೋಟವು ತೋಳದ ನೋಟವೇ. ಆದುದರಿಂದಲೇ ಕುರಿ ಹೆದರಿ ಸರಿಯುತ್ತದೆ. ಮಂದೆಯನ್ನು ಕಾಯುವ ನಾಯಿಯಲ್ಲಿ ಈ ಇಡೀ ಸರಪಣಿಯೇ ಮಂದವಾಗಿರಬೇಕು. ಕುರಿ ಓಡಿದರೆ ಅಟ್ಟಿಕೊಂಡು ಹೋಗುವ ನಾಯಿಯನ್ನು ರಾತ್ರಿ ಮಂದೆಯ ಬಳಿ ಬಿಟ್ಟು ನಿದ್ರಿಸುವ ಧೈರ್ಯ ಯಾವ ಕುರುಬನಿಗೂ ಬಾರದು.

ಮೊದಲು ಅಟ್ಟುವ ನಾಯಿಯನ್ನು ನೋಡೋಣ. ಪ್ರತಿಯೊಂದು ಕುರಿಯ ಸುತ್ತಲೂ ಕಣ್ಣಿಗೆ ಕಾಣದ ಒಂದು ವಲಯವುಂಟು. ಅಪರಿಚಿತ ಪ್ರಾಣಿ ಅದರೊಳಗೆ ಕಾಲಿಟ್ಟರೆ ಕುರಿ ಸರಿಯುತ್ತದೆ, ಹೊರಗೆ ನಿಂತರೆ ಸುಮ್ಮನೆ ನೋಡುತ್ತದೆ. ಇದನ್ನು ಬೆದರುವಲಯವೆನ್ನೋಣ. ಮಂದೆಗೂ ಹೀಗೆಯೇ ಒಂದು ವಲಯವುಂಟು. ನಾಯಿಯು ಅದರ ಅಂಚಿನಲ್ಲಿ ನಿಂತು ಒಂದು ಹೆಜ್ಜೆ ಮುಂದಿಟ್ಟರೆ ಮಂದೆ ವಿರುದ್ಧ ದಿಕ್ಕಿಗೆ ಚಲಿಸುವುದು. ಒಮ್ಮೆಗೇ ಒಳನುಗ್ಗಿದರೆ ಮಂದೆ ಒಡೆದು ಚದುರುವುದು. ನಿಪುಣ ನಾಯಿಯ ಕಲೆಯೆಲ್ಲ ಈ ಅಂಚನ್ನು ಅರಿಯುವುದರಲ್ಲಿದೆ. ಸುತ್ತಲೂ ಗಡಿಯಾರದ ಮುಖವನ್ನು ಬರೆದು, ನಡುವೆ ಕುರಿಗಳನ್ನೂ ಆರರ ಗುರುತಿನಲ್ಲಿ ಯಜಮಾನನನ್ನೂ ನಿಲ್ಲಿಸಿದರೆ, ಒಳ್ಳೆಯ ಹುಟ್ಟುಗುಣದ ನಾಯಿಯು ಯಾರೂ ಹೇಳಿಕೊಡದೆಯೇ ಹನ್ನೆರಡರ ಗುರುತಿಗೆ ಹೋಗಿ ನಿಲ್ಲುತ್ತದೆ. ಯಜಮಾನ ಬಲಕ್ಕೆ ಸರಿದರೆ ಅದು ಎಡಕ್ಕೆ ಸರಿದು ಮತ್ತೆ ಎದುರಾಗುವುದು. ಇದು ತೋಳದ ಹಿಂಡು ಬೇಟೆಯನ್ನು ಎರಡು ಕಡೆಯಿಂದ ಸುತ್ತುವ ಪ್ರವೃತ್ತಿಯ ಉಳಿಕೆಯೆಂದು ಹಲವರು ಭಾವಿಸುತ್ತಾರೆ.

ತರಬೇತಿಯೆಂದರೆ ಈ ಹುಟ್ಟುಗುಣಕ್ಕೆ ಹೆಸರುಗಳನ್ನು ಅಂಟಿಸುವುದು. ಸಾಮಾನ್ಯವಾಗಿ ಎಂಟು ತಿಂಗಳಿಂದ ಒಂದು ವರ್ಷದ ವಯಸ್ಸಿನಲ್ಲಿ, ಕುರಿಗಳಿಗಿಂತ ವೇಗವಾಗಿ ಓಡಬಲ್ಲಷ್ಟು ಬಲ ಬಂದಮೇಲೆ, ನಾಯಿಯನ್ನು ಕೆಲವೇ ಸಾಧು ಕುರಿಗಳಿರುವ ಸಣ್ಣ ಆವರಣಕ್ಕೆ ಬಿಡುತ್ತಾರೆ. ಅದು ತಾನಾಗಿ ಬಲದಿಂದ ಎಡಕ್ಕೆ ಸುತ್ತುವಾಗ ಒಂದು ಸಂಜ್ಞೆಯನ್ನು, ಎಡದಿಂದ ಬಲಕ್ಕೆ ಸುತ್ತುವಾಗ ಇನ್ನೊಂದನ್ನು ನುಡಿಯುತ್ತ ಹೋಗುತ್ತಾರೆ. ದಿನಗಳು ಕಳೆದಂತೆ ಸಂಜ್ಞೆಗೂ ಚಲನೆಗೂ ಸಂಬಂಧ ಬೆಳೆಯುತ್ತದೆ. ಇಲ್ಲಿ ನಾಯಿಗೆ ರೊಟ್ಟಿಯ ಚೂರನ್ನಾಗಲಿ ಮಾಂಸವನ್ನಾಗಲಿ ಕೊಡುವುದಿಲ್ಲವೆಂಬುದು ಗಮನಾರ್ಹ. ಕುರಿಗಳ ಬಳಿಗೆ ಹೋಗುವ ಅವಕಾಶವೇ ಅದಕ್ಕೆ ಪರಮ ಬಹುಮಾನ. ತಪ್ಪು ಮಾಡಿದಾಗ ಯಜಮಾನನು ನಾಯಿಗೂ ಕುರಿಗೂ ನಡುವೆ ಬಂದು ಆ ಅವಕಾಶವನ್ನು ತಡೆಯುತ್ತಾನೆ, ತಿದ್ದಿಕೊಂಡೊಡನೆ ದಾರಿ ಬಿಡುತ್ತಾನೆ. ಎಲ್ಲಕ್ಕಿಂತ ಕಷ್ಟವಾದ ಪಾಠವು ಓಡುವುದಲ್ಲ, ನಿಲ್ಲುವುದು: ಕುರಿಗಳು ಕಣ್ಣೆದುರಿಗೇ ಓಡುತ್ತಿರುವಾಗ ಮಲಗು ಎಂದರೆ ಮಲಗುವುದು.

ಈ ವಿದ್ಯೆಯನ್ನು ಪಂದ್ಯವಾಗಿ ಮಾಡಿದ ಕೀರ್ತಿಯಲ್ಲಿ ವೇಲ್ಸ್ ದೇಶದ ಬಾಲಾ ಎಂಬ ಊರಿಗೆ ದೊಡ್ಡ ಪಾಲುಂಟು. ಅಲ್ಲಿ 1873ರಲ್ಲಿ ಲಾಯ್ಡ್ ಪ್ರೈಸ್ ಎಂಬ ಜಮೀನ್ದಾರನು ಬ್ರಿಟನ್ನಿನ ಮೊದಲನೆಯದೆಂದು ಪ್ರಸಿದ್ಧವಾದ ಸ್ಪರ್ಧೆಯನ್ನು ಏರ್ಪಡಿಸಿದನು. ವೇಲ್ಸಿನ ನೆಲದಲ್ಲಿ ಗೆದ್ದದ್ದು ಮಾತ್ರ ಸ್ಕಾಟ್ಲೆಂಡಿನವನೊಬ್ಬನ ಟ್ವೀಡ್ ಎಂಬ ನಾಯಿ! 1906ರಲ್ಲಿ ಅಂತಾರಾಷ್ಟ್ರೀಯ ಕುರಿನಾಯಿ ಸಂಘವು ಸ್ಥಾಪಿತವಾಯಿತು; ಸ್ಪರ್ಧೆಯ ನಿಯಮಗಳೂ ವಂಶಾವಳಿಯ ದಾಖಲೆಗಳೂ ಕ್ರಮಕ್ಕೆ ಬಂದುವು. ಇಂದಿನ ಸಾಮಾನ್ಯ ಸ್ಪರ್ಧೆಯಲ್ಲಿ ನೂರು ಅಂಕಗಳು. ದೂರದಲ್ಲಿರುವ ಕುರಿಗಳನ್ನು ಬೆದರಿಸದೆ ಬಳಸಿಕೊಂಡು ಹಿಂದಕ್ಕೆ ಹೋಗುವುದಕ್ಕೆ 20. ಅವನ್ನು ಮೆಲ್ಲನೆ ಕದಲಿಸುವುದಕ್ಕೆ 10. ನೇರವಾಗಿ ಯಜಮಾನನ ಬಳಿಗೆ ತರುವುದಕ್ಕೆ 20. ಅಲ್ಲಿಂದ ತಡಿಕೆಗಳ ನಡುವೆ ಹಾಯಿಸಿ ದೂರಕ್ಕೆ ಅಟ್ಟುವುದಕ್ಕೆ 30. ಹೇಳಿದ ಕುರಿಗಳನ್ನು ಗುಂಪಿನಿಂದ ಬೇರ್ಪಡಿಸುವುದಕ್ಕೆ 10. ದೊಡ್ಡಿಗೆ ಕೂಡುವುದಕ್ಕೆ 10. ಅಟ್ಟುವುದಕ್ಕೆ ಹೆಚ್ಚು ಅಂಕಗಳೇಕೆ? ತರುವುದು ನಾಯಿಯ ಸಹಜ ಪ್ರವೃತ್ತಿ. ಯಜಮಾನನಿಂದ ದೂರಕ್ಕೆ ಅಟ್ಟುವುದು ಅದಕ್ಕೆ ವಿರುದ್ಧವಾದುದು. ಆ ಕೆಲಸದಲ್ಲಿ ಕಾಣುವುದು ಕೇವಲ ಶಿಕ್ಷಣ.

ಇನ್ನು ತಳಿ ಸಂವರ್ಧನೆಯ ವಿಷಯ. 1893ರಲ್ಲಿ ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡ್ ಪ್ರಾಂತದ ಆಡಮ್ ಟೆಲ್ಫರ್ ಎಂಬ ರೈತನ ಮನೆಯಲ್ಲಿ ಹೆಂಪ್ ಎಂಬ ಗಂಡು ನಾಯಿ ಹುಟ್ಟಿತು. ಅದರ ತಂದೆ ರಾಯ್ ಸ್ನೇಹದ ಸ್ವಭಾವದ್ದು, ಆದರೆ ಕೆಲಸದಲ್ಲಿ ಸಾಧಾರಣ. ತಾಯಿ ಮೆಗ್ ಕುರಿಯನ್ನು ಕಂಡರೆ ತಾನೇ ಮಂತ್ರಮುಗ್ಧವಾಗಿ ನಿಂತುಬಿಡುವಷ್ಟು ತೀಕ್ಷ್ಣವಾದ ನೋಟದ್ದು. ಅತಿಯಾದ ಗುಣಕ್ಕೆ ಮಂದಗುಣವನ್ನು ಕೂಡಿಸಿ ಟೆಲ್ಫರನು ಹದವನ್ನು ಸಾಧಿಸಿದನು. ಹೆಂಪ್ ಬೊಗಳದೆ, ಕಚ್ಚದೆ, ನೋಟಮಾತ್ರದಿಂದಲೇ ಕುರಿಗಳನ್ನು ನಡೆಸುತ್ತಿತ್ತಂತೆ. ಇಂದಿನ ಬಾರ್ಡರ್ ಕೋಲಿಗಳೆಲ್ಲ ಹೆಚ್ಚುಕಡಮೆ ಅದರ ಸಂತತಿಯವೇ.

ಗೆದ್ದ ನಾಯಿಯ ಮರಿಗಳೆಲ್ಲ ಗೆಲ್ಲುವುವೆಂದು ವಾಚಕರು ಭಾವಿಸಬಾರದು. ತಳಿ ಶಾಸ್ತ್ರದಲ್ಲಿ ಒಂದು ಸರಳ ಸೂತ್ರವುಂಟು: ಆರಿಸಿದ ತಂದೆತಾಯಿಗಳು ಸರಾಸರಿಗಿಂತ ಎಷ್ಟು ಮೇಲಿರುವುವೋ ಆ ಅಂತರವನ್ನು ಆ ಗುಣದ ಅನುವಂಶೀಯತೆಯಿಂದ ಗುಣಿಸಿದರೆ ಮುಂದಿನ ಪೀಳಿಗೆಯಲ್ಲಿ ಸಿಗುವ ಲಾಭ ತಿಳಿಯುತ್ತದೆ. ಒಂದು ಊರಿನ ನಾಯಿಗಳ ಸರಾಸರಿ 60 ಅಂಕಗಳೆಂದೂ, ಆರಿಸಿದ ಜೋಡಿಯ ಸರಾಸರಿ 80 ಎಂದೂ ಕಲ್ಪಿಸಿಕೊಳ್ಳಿ. ಅಂತರ 20. ಅನುವಂಶೀಯತೆ 0.1 ಆದರೆ ಮರಿಗಳ ನಿರೀಕ್ಷಿತ ಸರಾಸರಿ 62 ಮಾತ್ರ, 0.4 ಆದರೆ 68. ಜರ್ಮನಿಯಲ್ಲಿಯೂ ಸ್ವೀಡನ್ನಿನಲ್ಲಿಯೂ ನಡೆದ ಅಧ್ಯಯನಗಳಿಂದ ತಿಳಿದುಬಂದ ಸ್ವಾರಸ್ಯವೇನೆಂದರೆ, ಸ್ಪರ್ಧೆಯ ಅಂಕಗಳ ಅನುವಂಶೀಯತೆ ಬಹಳ ಕಡಮೆ. ಅಂಕದಲ್ಲಿ ಯಜಮಾನನ ಜಾಣತನ, ಅಂದಿನ ಗಾಳಿ, ಸಿಕ್ಕ ಕುರಿಗಳ ಮೊಂಡುತನ ಎಲ್ಲವೂ ಬೆರೆತಿರುತ್ತವಷ್ಟೆ. ಇದಕ್ಕೆ ಬದಲಾಗಿ ನೋಟ ಎಷ್ಟು ತೀಕ್ಷ್ಣ, ಎಷ್ಟು ದೂರದಿಂದ ಬಳಸುತ್ತದೆ, ಕಚ್ಚಲು ಮುಂದಾಗುತ್ತದೆಯೇ ಎಂದು ಗುಣಗಳನ್ನು ಒಂದೊಂದಾಗಿ ಬಿಡಿಸಿ ದಾಖಲಿಸಿದಾಗ ಅನುವಂಶೀಯತೆ ಹೆಚ್ಚಾಗಿ ಕಂಡುಬಂದಿತು. ಕಪ್ಪವನ್ನು ನೋಡಿ ಮರಿ ಕೊಳ್ಳುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಒಂದೇ ಪ್ರಸಿದ್ಧ ಗಂಡಿಗೆ ಎಲ್ಲರೂ ಮುಗಿಬೀಳುವುದರಲ್ಲಿ ಬೇರೊಂದು ಅಪಾಯವಿದೆ. 1965ರ ಅಂತಾರಾಷ್ಟ್ರೀಯ ವಿಜೇತನಾದ ವಿಸ್ಟನ್ ಕ್ಯಾಪ್ ಎಂಬ ನಾಯಿಯ ಹೆಸರು ಇಂದು ಅಸಂಖ್ಯಾತ ವಂಶಾವಳಿಗಳಲ್ಲಿ ಮತ್ತೆಮತ್ತೆ ಬರುತ್ತದೆ. ತಂದೆಯೊಂದೇ ಆಗಿ ತಾಯಂದಿರು ಬೇರೆಯಾದ ಜೋಡಿಯ ಮರಿಯಲ್ಲಿ, ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಂದೇ ಪೂರ್ವಜನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು; ಒಡಹುಟ್ಟಿದ ಜೋಡಿಯಾದರೆ ನಾಲ್ಕರಲ್ಲಿ ಒಂದು. ಬಚ್ಚಿಟ್ಟುಕೊಂಡಿದ್ದ ದೋಷಗಳು ಆಗ ಹೊರಬೀಳುತ್ತವೆ. ಕೋಲಿ ನಾಯಿಗಳ ಕಣ್ಣಿನ ಒಂದು ಜನ್ಮದೋಷ ಈ ಬಗೆಯದು. ತಂದೆತಾಯಿಗಳೆರಡೂ ನೋಡಲು ಆರೋಗ್ಯವಾಗಿದ್ದು ದೋಷದ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ, ಮೆಂಡೆಲನ ನಿಯಮದಂತೆ ಮರಿಗಳಲ್ಲಿ ಕಾಲುಭಾಗ ರೋಗಗ್ರಸ್ತವಾಗುವ ಸಂಭವವಿದೆ. ಇಂದು ರಕ್ತದ ಒಂದು ಹನಿಯಿಂದ ಈ ಜೀನನ್ನು ಪರೀಕ್ಷಿಸಬಹುದು.

ಇಷ್ಟೆಲ್ಲ ತಿಳಿದಮೇಲೆ, ಖಜೂರಿಗೊಂದು ಬಾರ್ಡರ್ ಕೋಲಿಯನ್ನು ತರಿಸಬಹುದಲ್ಲವೇ ಎಂಬ ಪ್ರಶ್ನೆ ಬಂದೀತು. ನನ್ನ ಮಟ್ಟಿಗೆ ಅದು ವ್ಯರ್ಥ. ಸ್ಕಾಟ್ಲೆಂಡಿನಲ್ಲಿ ಕುರಿಗಳು ಕಾಯುವವರಿಲ್ಲದೆ ಗುಡ್ಡದ ಮೇಲೆ ಬೇಕೆಂದಲ್ಲಿ ಮೇಯುತ್ತವೆ. ಅಲ್ಲಿ ತೋಳಗಳು ನಿರ್ವಂಶವಾಗಿ ಶತಮಾನಗಳೇ ಕಳೆದಿವೆ. ಅಲ್ಲಿನ ಸಮಸ್ಯೆ ಕುರಿಯನ್ನು ಹುಡುಕಿ ತರುವುದು. ನಮ್ಮ ದಖ್ಖನಿ ಕುರಿಗಳ ಮಂದೆಯನ್ನು ಕುರುಬನು ಹಗಲೂ ರಾತ್ರಿಯೂ ಬಿಟ್ಟಿರುವುದಿಲ್ಲ. ಅವು ಅವನ ಸದ್ದನ್ನು ಬಲ್ಲವು. ಇಲ್ಲಿನ ಸಮಸ್ಯೆ ತೋಳ ಮತ್ತು ಕಳ್ಳ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿದ್ದುವು. ತೋಳವನ್ನು ಕೊಲ್ಲುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಅದರ ಹೆಸರಿದೆ. ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಅದರ ಸಹಜ ಬೇಟೆಯಾದ ಜಿಂಕೆ ಕಡಮೆಯಾದಂತೆ ಕುರಿಯ ಮೇಲೆ ಅದರ ಕಣ್ಣು ಹೆಚ್ಚು. ಒಂದೇ ರಾತ್ರಿಯಲ್ಲಿ ಹತ್ತಾರು ಮರಿಗಳನ್ನು ಕಳೆದುಕೊಂಡ ಕುಟುಂಬಕ್ಕೆ ಆ ವರ್ಷವೇ ಹೋಯಿತೆಂದು ಲೆಕ್ಕ. ತೋಳವೂ ಉಳಿದು ಕುರಿಯೂ ಉಳಿಯಬೇಕಾದರೆ ನಡುವೆ ನಿಲ್ಲಬಲ್ಲದ್ದು ಕಾವಲಿನ ನಾಯಿಯೊಂದೇ.

ಹಾಗಾದರೆ ಮುಧೋಳದ ನಾಯಿಯೇ ಇದೆಯಲ್ಲ ಎನ್ನುವವರುಂಟು. ಮುಧೋಳ ನಾಯಿ ನಮ್ಮ ಹೆಮ್ಮೆಯ ತಳಿ, ನಿಜ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಅದನ್ನು ಪೋಷಿಸಿ ಬೆಳಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನ ಕೇಂದ್ರವಿದೆ. ಆದರೆ ಆ ಉದ್ದ ಮೂತಿ, ಆಳವಾದ ಎದೆ, ಸೆಳೆದು ಕಟ್ಟಿದಂತಹ ಹೊಟ್ಟೆ, ಇವು ಓಡುವ ಮೊಲವನ್ನು ಕಣ್ಣಿನಿಂದ ಹಿಡಿದು ಬೆನ್ನಟ್ಟುವುದಕ್ಕಾಗಿ ರೂಪುಗೊಂಡವು. ಅದರ ಸರಪಣಿಯಲ್ಲಿ ಬೆನ್ನಟ್ಟುವ ಕೊಂಡಿ ಬಲವಾದದ್ದು. ಮುಧೋಳದ ರಕ್ತ ಬೆರೆತ ನಾಯಿಗಳು ಉತ್ತರ ಕರ್ನಾಟಕದ ಎಷ್ಟೋ ಮಂದೆಗಳಲ್ಲಿ ಇವೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತವೆ. ಕುರಿಗಳ ಜೊತೆಯಲ್ಲೇ ಬೆಳೆದುದರಿಂದ ಕುರಿ ಅವಕ್ಕೆ ಬೇಟೆಯಲ್ಲ. ಪಟ್ಟಣದ ಅಂಗಳದಲ್ಲಿ ಬೆಳೆದ ಮುಧೋಳ ಮರಿಯನ್ನು ದುಬಾರಿ ಬೆಲೆಗೆ ಕೊಂಡು ತಂದು, ದೊಡ್ಡದಾದ ಮೇಲೆ ಮಂದೆಗೆ ಬಿಡುವುದು ಮಾತ್ರ ಬೇರೆ ಮಾತು.

ಇಲ್ಲಿಯೇ ವಿಷಯದ ತಿರುಳಿದೆ. ಕಾಯುವ ನಾಯಿಯನ್ನು ರೂಪಿಸುವುದರಲ್ಲಿ ರಕ್ತದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಬಾಲ್ಯದ ಕೆಲವು ವಾರಗಳು ಮುಖ್ಯ. ನಾಯಿಮರಿ ಹುಟ್ಟಿದಾಗ ಕುರುಡು, ಕಿವುಡು. ಎರಡು ವಾರಗಳ ಹೊತ್ತಿಗೆ ಕಣ್ಣು ತೆರೆಯುತ್ತದೆ. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಅದು ಯಾರ ಜೊತೆಯಲ್ಲಿ ಬೆಳೆಯುವುದೋ ಅವರನ್ನು ತನ್ನವರೆಂದು ಸ್ವೀಕರಿಸುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷಗಳ ಪ್ರಯೋಗಗಳಿಂದ ಇದನ್ನು ಸ್ಥಾಪಿಸಿ 1965ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಆದರೆ ಕುರಿಗಾರರಿಗೆ ಈ ಸಂಗತಿ ಬಹಳ ಮೊದಲೇ ಗೊತ್ತಿತ್ತು. ಚಾರ್ಲ್ಸ್ ಡಾರ್ವಿನ್ 1833ರಲ್ಲಿ ಇಂದಿನ ಉರುಗ್ವೆ ದೇಶದಲ್ಲಿ ಸಂಚರಿಸುತ್ತಿದ್ದಾಗ, ಮನುಷ್ಯರಿಲ್ಲದೆ ಮೈಲಿಗಳಾಚೆ ಮೇಯುತ್ತಿದ್ದ ದೊಡ್ಡ ಮಂದೆಗಳನ್ನು ಒಂದೆರಡು ನಾಯಿಗಳು ಕಾಯುವುದನ್ನು ಕಂಡು ಬೆರಗಾದನು. ಅಲ್ಲಿನವರು ಮರಿಯನ್ನು ಎಳೆಯದಿರುವಾಗಲೇ ತಾಯಿಯಿಂದ ಅಗಲಿಸಿ, ದಿನಕ್ಕೆ ಮೂರು ನಾಲ್ಕು ಬಾರಿ ಹೆಣ್ಣುಕುರಿಯ ಮೊಲೆಗೆ ಹಿಡಿದು ಹಾಲೂಡಿಸುತ್ತಿದ್ದರು. ದೊಡ್ಡಿಯಲ್ಲಿ ಉಣ್ಣೆಯ ಹಾಸಿಗೆ ಮಾಡಿ ಮಲಗಿಸುತ್ತಿದ್ದರು. ಬೇರೆ ನಾಯಿಗಳೊಡನೆ, ಮನೆಯ ಮಕ್ಕಳೊಡನೆ ಕೂಡಲು ಬಿಡುತ್ತಿರಲಿಲ್ಲ. ಬೆಳೆದಮೇಲೆ ಆ ನಾಯಿಗೆ ಮಂದೆಯೇ ಬಂಧುಬಳಗ.

ಅಮೆರಿಕದ ನವಾಹೋ ಜನರ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅವರಲ್ಲಿ ಶುದ್ಧ ತಳಿಯ ನಾಯಿಗಳಿಲ್ಲ. ಊರಿನ ಬೆರಕೆ ನಾಯಿಗಳೇ. ಮರಿಗಳನ್ನು ಎಳವೆಯಿಂದಲೇ ಕುರಿದೊಡ್ಡಿಯಲ್ಲಿ ಬೆಳೆಸುತ್ತಾರೆ, ಅಷ್ಟೆ. ಅವು ಅಮೆರಿಕದ ಕಿರುತೋಳಗಳಿಂದ ಮಂದೆಯನ್ನು ಸಮರ್ಪಕವಾಗಿ ಕಾಯುತ್ತವೆಂದು 1985ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಆಫ್ರಿಕದ ನಮೀಬಿಯದಲ್ಲಿ 1994ರಿಂದ ತುರ್ಕಿಯ ದೊಡ್ಡ ಕಾವಲುನಾಯಿಗಳನ್ನು ರೈತರಿಗೆ ಹಂಚಲಾಯಿತು. ಚೀತಾಗಳಿಂದಾಗುತ್ತಿದ್ದ ನಷ್ಟ ಬಹಳವಾಗಿ ಇಳಿದುದರಿಂದ ಅವನ್ನು ಕೊಲ್ಲುವ ಅಗತ್ಯವೂ ಕಡಮೆಯಾಯಿತು. ನೆರೆಯ ಬೋಟ್ಸ್ವಾನದಲ್ಲಿ ಸ್ಥಳೀಯ ನಾಯಿಗಳೇ ಇದೇ ಕೆಲಸವನ್ನು ಕಡಮೆ ಖರ್ಚಿನಲ್ಲಿ ಮಾಡುತ್ತಿವೆ. 2022ರಲ್ಲಿ ಸಾವಿರಾರು ನಾಯಿಗಳ ಜೀನುಗಳನ್ನು ಪರಿಶೀಲಿಸಿದ ಸಂಶೋಧಕರು, ಒಂದು ನಾಯಿಯ ವರ್ತನೆಗೂ ಇನ್ನೊಂದರದಕ್ಕೂ ಇರುವ ವ್ಯತ್ಯಾಸದಲ್ಲಿ ಸುಮಾರು ಶೇಕಡ 9 ಭಾಗವನ್ನು ಮಾತ್ರ ತಳಿಯ ಹೆಸರಿನಿಂದ ವಿವರಿಸಬಹುದೆಂದರು. ಕುರಿ ಅಟ್ಟುವಂತಹ ಕೆಲವು ವಿಶೇಷ ಪ್ರವೃತ್ತಿಗಳಿಗೆ ರಕ್ತ ಬೇಕೇ ಬೇಕು. ಮಂದೆಯ ನಡುವೆ ಶಾಂತವಾಗಿರುವುದನ್ನು ಮಾತ್ರ ಬೆಳೆಸಿ ಪಡೆಯಬಹುದು.

ನಮ್ಮ ಕುರುಬರು ಶಾಸ್ತ್ರ ಓದದೆಯೇ ಆಯ್ಕೆಯನ್ನು ನಡೆಸಿಕೊಂಡು ಬಂದಿದ್ದಾರೆ. ಕುರಿಮರಿಗೆ ಬಾಯಿ ಹಾಕಿದ ನಾಯಿ ಮಂದೆಯಲ್ಲಿ ಉಳಿಯುವುದಿಲ್ಲ; ರಾತ್ರಿ ಎಚ್ಚರವಾಗಿರುವ ಹೆಣ್ಣು ನಾಯಿಯ ಮರಿಗೆ ನಂಟರಿಷ್ಟರಿಂದ ಬೇಡಿಕೆ ಬರುತ್ತದೆ. ಡಾರ್ವಿನನು ಇದನ್ನು ಅರಿವಿಲ್ಲದ ಆಯ್ಕೆ ಎಂದು ಕರೆದನು. ನಾಯಿಗೆ ಈ ಜನರ ಮನಸ್ಸಿನಲ್ಲಿರುವ ಸ್ಥಾನವನ್ನು ತಿಳಿಯಬೇಕಾದರೆ ಮೈಲಾರಲಿಂಗನ ಗೊರವರನ್ನು ನೋಡಬೇಕು. ಅವರು ದೇವರ ನಾಯಿಗಳಾಗಿ ಬೊಗಳಿ, ದೋಣಿಯಲ್ಲಿಟ್ಟ ಹಾಲು ಹಣ್ಣುಗಳನ್ನು ಬಾಯಿಂದಲೇ ತಿನ್ನುವ ಸೇವೆ ಇಂದಿಗೂ ನಡೆಯುತ್ತದೆ. ಆದರೆ ಈ ಆಯ್ಕೆಗೆ ಬರವಣಿಗೆಯಿಲ್ಲ. ತಾಯಿ ಯಾವುದೆಂದು ಗೊತ್ತು, ತಂದೆ ಊರಿನ ಯಾವುದೋ ನಾಯಿ. ಒಂದು ಮಂದೆಯ ಮಗ ಪಟ್ಟಣಕ್ಕೆ ಹೋದರೆ ಆ ನಾಯಿಗಳ ಪೀಳಿಗೆಯೂ ಅಲ್ಲಿಗೇ ನಿಂತಿತು.

ರೋಗಗಳ ಬಗ್ಗೆ ಎರಡು ಮಾತು ಅವಶ್ಯ. ಕುರಿಯೊಂದು ತಲೆ ವಾಲಿಸಿ ಒಂದೇ ಕಡೆಗೆ ಸುತ್ತುತ್ತ ಕೊನೆಗೆ ಸಾಯುವುದನ್ನು ಹಳ್ಳಿಯ ವಿದ್ಯಾರ್ಥಿಗಳು ನೋಡಿರಬಹುದು. ಅದರ ಮೆದುಳಿನಲ್ಲಿ ನೀರು ತುಂಬಿದ ಒಂದು ಚೀಲವಿರುತ್ತದೆ. ಚೀಲವು ನಾಯಿಯ ಕರುಳಿನ ಲಾಡಿಹುಳುವಿನ ಮರಿಯವಸ್ಥೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಚೀಲದೊಳಗಿನ ನೂರಾರು ಹುಳುತಲೆಗಳು ನಾಯಿಯ ಕರುಳನ್ನು ಸೇರಿ ಬೆಳೆದು, ಕೆಲವೇ ವಾರಗಳಲ್ಲಿ ಮೊಟ್ಟೆಗಳನ್ನು ಮಲದೊಡನೆ ಹುಲ್ಲಿನ ಮೇಲೆ ಚೆಲ್ಲುತ್ತವೆ. ಕುರಿ ಅದನ್ನು ಮೇಯುತ್ತದೆ. ಚಕ್ರವನ್ನು ಮುರಿಯುವುದು ಸುಲಭ: ತಲೆಯನ್ನು ಹೂಳಬೇಕು ಅಥವಾ ಸುಡಬೇಕು, ಪಶುವೈದ್ಯರನ್ನು ಕೇಳಿ ನಾಯಿಗೆ ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆಯನ್ನು ನಿಯತಕಾಲದಲ್ಲಿ ಕೊಡಬೇಕು. ಇದೇ ಕುಟುಂಬದ ಮತ್ತೊಂದು ಹುಳು ಮನುಷ್ಯನ ಯಕೃತ್ತಿನಲ್ಲಿ ಚೀಲ ಕಟ್ಟುತ್ತದೆ. ಐಸ್‌ಲೆಂಡ್ ದೇಶವು ನಾಯಿಗಳಿಗೆ ಕುರಿಯ ಹಸಿ ಒಳಾಂಗಗಳನ್ನು ಹಾಕುವುದನ್ನು ನಿಲ್ಲಿಸಿಯೇ ಅದನ್ನು ತೊಲಗಿಸಿತು. ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರನೆಯ ತಿಂಗಳಲ್ಲಿ ಹಾಕಿಸಿ ಪಶುವೈದ್ಯರು ಹೇಳಿದಂತೆ ಮತ್ತೆ ಹಾಕಿಸುತ್ತಿರಬೇಕು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗುವುದು.

ಬಾಲಾದಲ್ಲಿ 1873ರಲ್ಲಿ ನಡೆದಂತಹ ಸ್ಪರ್ಧೆಯೊಂದು ಆಳಂದದ ಜಾನುವಾರು ಸಂತೆಯಲ್ಲಿ ಏಕೆ ನಡೆಯಬಾರದು? ಅಲ್ಲಿಯ ನಿಯಮಗಳನ್ನು ಎರವಲು ತಂದರೆ ನಮ್ಮ ನಾಯಿ ಸೊನ್ನೆ ಅಂಕ ಪಡೆದೀತು. ಪರೀಕ್ಷೆ ನಮ್ಮದೇ ಆಗಿರಬೇಕು. ನಾಯಿಯನ್ನು ತನ್ನದೇ ಮಂದೆಯೊಡನೆ ಬಲೆಯ ಬಳಿ ಬಿಡುವುದು. ಯಜಮಾನನು ಕಣ್ಮರೆಯಾಗುವುದು. ಆಗ ನಾಯಿ ಅವನ ಹಿಂದೆ ಹೋಗುವುದೋ ಮಂದೆಯೊಡನೆ ಉಳಿಯುವುದೋ? ಹೊಸದಾಗಿ ಈದ ಕುರಿಯ ಮರಿ ಎದುರಿಗೆ ಬಂದರೆ ಮೂಸಿ ಸುಮ್ಮನಾಗುವುದೋ? ಕುರಿಗಳು ಬೆದರಿ ಓಡಿದಾಗ ಅಟ್ಟುವುದೋ, ಅವುಗಳ ಜೊತೆಯಲ್ಲೇ ಸರಿಯುವುದೋ? ಕತ್ತಲಾದಮೇಲೆ ಅಪರಿಚಿತನೊಬ್ಬ ಕಂಬಳಿ ಹೊದ್ದು ದೂರದಿಂದ ನಡೆದು ಬಂದರೆ ಎಷ್ಟು ಗಜಗಳಾಚೆ ಮೊದಲ ಬೊಗಳು ಕೇಳಿಸಿತು? ಬೊಗಳಿದ ನಾಯಿ ಅವನಿಗೂ ಮಂದೆಗೂ ನಡುವೆ ಬಂದು ನಿಂತಿತೋ, ಅಥವಾ ಬಲೆಯ ಹಿಂದೆ ಅಡಗಿತೋ? ಪ್ರತಿಯೊಂದಕ್ಕೂ ಬೇರೆಬೇರೆ ಅಂಕ. ಪಕ್ಕದಲ್ಲಿ ತಾಯಿಯ ಹೆಸರು, ತಿಳಿದಿದ್ದರೆ ತಂದೆಯ ಹೆಸರು, ಮರಿಯನ್ನು ಎಷ್ಟನೆಯ ವಾರದಲ್ಲಿ ಮಂದೆಗೆ ಬಿಡಲಾಯಿತೆಂಬ ವಿವರ, ಆ ವರ್ಷ ಆ ಮಂದೆಯಲ್ಲಿ ತೋಳಕ್ಕೆ ಹೋದ ಕುರಿಗಳ ಸಂಖ್ಯೆ. ಈ ಪಟ್ಟಿಯನ್ನು ಬರೆಯುವುದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಹಳ್ಳಿಯ ಪ್ರೌಢಶಾಲೆಯ ನಾಲ್ವರು ವಿದ್ಯಾರ್ಥಿಗಳು, ಒಂದು ಅಳತೆಪಟ್ಟಿ, ಒಂದು ಗಡಿಯಾರ, ಎರಡು ನೂರು ಪುಟದ ಒಂದು ನೋಟುಬುಕ್ಕು ಇದ್ದರೆ, ತೊಗರಿ ಕಟಾವಿನ ಮುಂದಿನ ಹಂಗಾಮಿನಲ್ಲಿಯೇ ಆರಂಭಿಸಬಹುದು.